ಪೂಜೆಗೆ ಕೂರದ ಜಾಕು

ಆಯುಧ ಪೂಜೆಯ ದಿನ ಮಧ್ಯಾಹ್ನ ಒಂದೂಕಾಲಿಗೆ ನಾನು ಚಾಕಿ ಕೋಣೆಯ ಬಾಗಿಲು ತೆರೆದಾಗ ಹುಳುಗಳು ಏಳಲು ಶುರುವಾಗಿದ್ದವು. ಅವು ಏಳಬೇಕಾಗಿದ್ದದ್ದು ಮರುದಿನ ಬೆಳಿಗ್ಗೆ.

ನಮ್ಮದು ಮೇಲೂರಿನ ಹೊರಗಿದ್ದ ಚಾಕಿ ಸಾಕಣೆ ಕೇಂದ್ರ. ಮೊಟ್ಟೆ ಒಡೆದ ದಿನದಿಂದ ಎರಡನೇ ಜ್ವರದವರೆಗೆ ರೇಷ್ಮೆಯ ಮರಿ ಹುಳುಗಳನ್ನು ಸಾಕಿ, ಆಮೇಲೆ ಬೆಳೆಗಾರರಿಗೆ ತಲುಪಿಸುವುದು ಕೆಲಸ. ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತು ಹಳೆಯ ಚರ್ಮ ಕಳಚುವ ಹೊತ್ತಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಜ್ವರಕ್ಕೆ ಕೂತಿರುವಾಗಲೇ ಹುಳುವನ್ನು ಸಾಗಿಸಬೇಕು. ಎದ್ದ ಹುಳುವಿಗೆ ಹಸಿವು, ಚರ್ಮವೂ ಹಸಿ. ಎಲ್ಲ ಎದ್ದ ಮೇಲೆ ಒಟ್ಟಿಗೆ ಮೊದಲ ಸೊಪ್ಪು ಬೀಳಬೇಕು. ಅದು ಹಿಂದುಮುಂದಾದರೆ ಬೆಳೆ ಕೊನೆಯವರೆಗೂ ಎರಡು ಗುಂಪಾಗಿ ನಡೆಯುತ್ತದೆ. ಅರ್ಧ ಹುಳು ಗೂಡು ಕಟ್ಟುವಾಗ ಇನ್ನರ್ಧ ಸೊಪ್ಪು ಕೇಳುತ್ತಿರುತ್ತದೆ.

ಮೂವತ್ತೆರಡು ಟ್ರೇಗಳಲ್ಲಿ ನೂರಕ್ಕೆ ಐದರಷ್ಟು ಎದ್ದಿದ್ದವು. ಸಂಜೆ ಏಳರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಏಳುತ್ತವೆ. ನಾನು ಗೋಡೆಯ ಕಡೆ ತಿರುಗಿ ತಾಪಮಾನ ನೋಡಲು ಹೋದೆ. ಗೋಡೆಯ ಮೇಲೆ ಮೊಳೆ ಮಾತ್ರ ಇತ್ತು. ಥರ್ಮಾಮೀಟರನ್ನು ಹಿಂದಿನ ಸಂಜೆ ನಾನೇ ತೊಳೆದು, ಒರೆಸಿ, ಆಫೀಸಿನಲ್ಲಿ ದೇವರ ಫೋಟೊದ ಮುಂದೆ ಸೊಪ್ಪು ಕತ್ತರಿಸುವ ಕತ್ತಿಗಳ ಪಕ್ಕ ಇಟ್ಟು ಬಂದಿದ್ದೆ. ನನ್ನ ಆಯುಧ ಅದೇ ತಾನೆ ಎಂದು ಯಜಮಾನರು ನಕ್ಕಿದ್ದರು, ನಾನೂ ನಕ್ಕಿದ್ದೆ. ಬೇರೆ ದಿನಗಳಲ್ಲಿ ಕರೆಂಟು ಹೋಗಿ ಹೀಟರು ಆಗಾಗ ಆರುತ್ತಿತ್ತು. ಹಬ್ಬದ ಆ ಎರಡು ದಿನ ಕರೆಂಟು ಒಮ್ಮೆಯೂ ಹೋಗಲಿಲ್ಲ. ಕೋಣೆ ಇಡೀ ರಾತ್ರಿ ಬೇಕಾದ್ದಕ್ಕಿಂತ ಬಿಸಿಯಾಗಿಯೇ ಇತ್ತು, ಬಿಸಿಗೆ ಜ್ವರ ಬೇಗ ಮುಗಿಯುತ್ತದೆ. ನೋಡುವವಳು ನಾನು, ನೋಡುವ ಸಾಧನ ಪೂಜೆಗೆ ಕೂತಿತ್ತು.

ಇಲ್ಲೇ ಸೊಪ್ಪು ಹಾಕಿ ನಾಳೆ ಕಳಿಸುವ ದಾರಿ ಇರಲಿಲ್ಲ. ನಮ್ಮ ತೋಟದ ಸೊಪ್ಪು ಮರಿಗಳಿಗೆಂದು ಬೆಳೆಸಿದ ಎಳೆ ಸೊಪ್ಪು. ಎರಡನೇ ಜ್ವರದಿಂದ ಎದ್ದ ಹುಳುವಿಗೆ ಹೊಂದುವುದಿಲ್ಲ. ತಿಂದ ಹುಳುವನ್ನು ಐವತ್ತು ಕಿಲೋಮೀಟರು ಕುಲುಕಿದರೆ ಅದು ಬೆಳೆಗಾರನಿಗೆ ಬೆಳೆಯಲ್ಲ, ಬರೀ ಲೆಕ್ಕಕ್ಕಿರುವ ಹುಳು.

ಆ ಬ್ಯಾಚು ಗೌರಿಬಿದನೂರು ದಾರಿಯ ಒಂದು ಹಳ್ಳಿಯ ಬೆಳೆಗಾರ್ತಿಯದು. ಹಿಂದಿನ ಸಲ ನಾವು ತಡವಾಗಿ ತಲುಪಿಸಿದ ಹುಳು ಅವರ ಮನೆಯಲ್ಲಿ ಎರಡು ಗುಂಪಾಗಿತ್ತು. ನಿಮ್ಮ ಸೊಪ್ಪು ಸರಿಯಿಲ್ಲ ಎಂದು ಕೇಂದ್ರದಿಂದ ಹೇಳಲಾಯಿತು. ಹಾಗೆ ಹೇಳುವಾಗ ನಾನು ಅದೇ ಕೋಣೆಯಲ್ಲಿ ಇದ್ದೆ, ಏನೂ ಅನ್ನಲಿಲ್ಲ. ಅವರು ಇನ್ನೊಂದು ಸಲ ನೋಡುತ್ತೇನೆ ಎಂದು ಈ ಬ್ಯಾಚು ಬರೆಸಿದ್ದರು.

ಅವರ ಪಕ್ಕದ ಮನೆಯ ಫೋನಿಗೆ ಮಾಡಿ, ಅವರನ್ನು ಕರೆಸಿ, ಹುಳು ಇವತ್ತೇ ತರುತ್ತೇನೆ ಎಂದೆ.

"ಇವತ್ತಾ? ನಾಳೆ ಅಂದಿದ್ರಲ್ಲ ಮೇಡಂ."

"ಬೇಗ ಏಳ್ತಿವೆ ಅಕ್ಕ. ಸಂಜೆ ಒಳಗೆ ತರ್ತೀನಿ. ಮಳೆ ಬರೋ ಹಾಗಿದೆ, ಸೊಪ್ಪು ನೆನೆಯೋಕೆ ಮುಂಚೆ ಒಳಗಿಟ್ಕೊಂಡಿರಿ."

"ಈ ಸಲ ಕೈಕೊಟ್ರೆ ತೋಟ ಕೀಳಿಸ್ಬಿಡ್ತೀನಿ. ನಮ್ಮನೇಲಿ ಆಗ್ಲೇ ಅಂತಾವ್ರೆ, ರೋಸ್ ಹಾಕು ಅಂತ. ನಾನೇ ತಡ್ದಿರೋದು." ಕೋಪದಿಂದ ಹೇಳಲಿಲ್ಲ. ಹಾಗಾಗಿಯೇ ನನಗೆ ಕಷ್ಟವಾಯಿತು.

ಆಮೇಲೆ ಕೇಂದ್ರದ ಕಾರಿನ ಡ್ರೈವರಿಗೆ ಮಾಡಿದೆ. ಅವರು ಬೆಳಿಗ್ಗೆ ಪೂಜೆ ಮುಗಿಸಿ ಚಿಂತಾಮಣಿಯ ತಮ್ಮ ಮನೆಗೆ ಹೋಗಿದ್ದರು.

"ಇವತ್ತು ಸ್ಟೇರಿಂಗ್ ಮುಟ್ಟಲ್ಲಮ್ಮ. ಇಪ್ಪತ್ತು ವರ್ಷದಿಂದ ಮುಟ್ಟಿಲ್ಲ. ನಾಳೆ ನಾಕ್ ಗಂಟೆಗೇ ಬರ್ತೀನಿ, ಆಯ್ತಾ?"

ನಾಳೆಗೆ ಆಗುವಂತಿರಲಿಲ್ಲ. ಯಜಮಾನರು ಆಫೀಸಿಗೆ ಬೀಗ ಹಾಕಿ ಹೆಂಡತಿ ಮಕ್ಕಳ ಜೊತೆ ನೆಂಟರ ಮನೆಗೆ ಹೋಗಿದ್ದರು. ಮನೆಯಲ್ಲಿ ಇದ್ದದ್ದು ಅವರ ತಾಯಿ. ನಾವೆಲ್ಲ ಅವರನ್ನು ಅಜ್ಜಿ ಅನ್ನುತ್ತಿದ್ದೆವು. ಕಾರಿನ ಕೀಲಿ ಅವರ ದೇವರ ಗೂಡಿನಲ್ಲಿತ್ತು. ನನ್ನ ಬಳಿ ಲೈಸೆನ್ಸ್ ಇತ್ತು. ಆ ಕಾರನ್ನು ಶಿಡ್ಲಘಟ್ಟದವರೆಗೆ ಐದಾರು ಸಲ ಓಡಿಸಿದ್ದೆ, ಪ್ರತಿ ಸಲವೂ ಪಕ್ಕದಲ್ಲಿ ಡ್ರೈವರ್ ಕೂತಿದ್ದರು.

"ಪೂಜೆ ಮಾಡಿದ ಗಾಡಿ ಕಣಮ್ಮ. ಇವತ್ತೊಂದಿನ ಅದಕ್ಕೂ ರಜ," ಅಂದರು ಅಜ್ಜಿ.

"ಹುಳಕ್ಕೆ ರಜ ಇಲ್ವಲ್ಲ ಅಜ್ಜಿ."

ಅವರು ಚಾಕಿ ಕೋಣೆಗೆ ಬಂದು, ಬಾಗಿಲಲ್ಲೇ ನಿಂತು, ಕಣ್ಣು ಕಿರಿದು ಮಾಡಿ ಒಂದು ಟ್ರೇ ನೋಡಿದರು. ಅರವತ್ತು ವರ್ಷ ಹುಳು ಸಾಕಿದವರು. "ಅಯ್ಯೋ ತಲ್ಲಿ, ಎದ್ದೇಬಿಟ್ಟಾವೆ," ಅಂದು ಒಳಗೆ ಹೋದರು. ಕೀಲಿ ತಂದರು, ಜೊತೆಗೆ ತಮ್ಮ ಚಪ್ಪಲಿಯನ್ನೂ. "ಒಬ್ಳೇ ಹೋಗ್ಬೇಡ. ನಾನು ಬತ್ತೀನಿ."

ಕಾರು ಮದುವಣಗಿತ್ತಿಯಂತೆ ನಿಂತಿತ್ತು. ಮುಂದೆ ಎರಡು ಕಡೆ ಬಾಳೆಕಂದು, ಚೆಂಡು ಹೂವಿನ ಹಾರ, ಮುಂದಿನ ಗಾಜಿನ ಮೇಲೆ ವಿಭೂತಿ ಪಟ್ಟೆ, ನಡುವೆ ಕುಂಕುಮ, ಎರಡು ಹೆಡ್‌ಲೈಟಿಗೂ ಗಂಧ ಕುಂಕುಮ. ಟೈರುಗಳು ಕಪ್ಪಗೆ ಮಿರಮಿರ ಮಿಂಚುತ್ತಿದ್ದವು. ಆ ಮಿಂಚು ಎಲ್ಲಿಂದ ಬಂತೆಂದು ನಾನು ಆಗ ಯೋಚಿಸಲಿಲ್ಲ.

ಬಾಳೆಕಂದಿನ ಎಲೆಗಳು ಹೆಡ್‌ಲೈಟನ್ನು ಮುಚ್ಚುತ್ತಿದ್ದವು. ಬಿಚ್ಚಿದೆ. ಒದ್ದೆ ಬಟ್ಟೆಯಿಂದ ಮುಂದಿನ ಗಾಜನ್ನೂ ಹೆಡ್‌ಲೈಟುಗಳನ್ನೂ ಒರೆಸಿದೆ.

"ಗಾಡಿ ಕಣ್ಣಿಗಿಟ್ಟ ಬೊಟ್ಟು ಅಳಿಸ್ತೀಯಲ್ಲೇ."

"ಬೊಟ್ಟು ಹಣೆಗಿಡ್ತಾರೆ ಅಜ್ಜಿ, ಕಣ್ಣಿಗಲ್ಲ. ಬಾನೆಟ್ ಮೇಲಿರೋದು ಹಾಗೇ ಇರ್ಲಿ."

ಲೈಟು ಹಾಕಿದರೆ ಎಡಗಡೆಯದು ಉರಿಯಲಿಲ್ಲ. ಬಾನೆಟ್ ಎತ್ತಿ ನೋಡಿದೆ. ಬಾಳೆಕಂದು ಕಟ್ಟಿದ ದಾರವನ್ನು ಒಳಗಿನಿಂದ ಸುತ್ತಿ ಎಳೆದಿದ್ದರು. ಬಲ್ಬಿನ ಹಿಂದಿನ ಕನೆಕ್ಟರು ಅರ್ಧ ಹೊರಗೆ ಬಂದಿತ್ತು. ದಾರ ಕತ್ತರಿಸಿ, ಕನೆಕ್ಟರನ್ನು ನೇರವಾಗಿ ಒತ್ತಿದೆ. ಉರಿಯಿತು. ಡಿಮ್ಮು, ಬ್ರೈಟು, ಇಂಡಿಕೇಟರು ನೋಡಿ, ಬ್ರೇಕ್ ಲೈಟಿಗೆ ಅಜ್ಜಿಯನ್ನು ಹಿಂದೆ ನಿಲ್ಲಿಸಿ ಪೆಡಲ್ ತುಳಿದೆ.

"ಕೆಂಪಗೆ ಬಂತಾ?"

"ಬಂತು, ಎರಡೂ. ಬಿಟ್ಟೆಯಾ? ಹೋಯ್ತು. ಇನ್ನೊಂದ್ಸಲ ಮಾಡು, ಚೆನ್ನಾಗೈತೆ."

ನಾಲ್ಕು ಟೈರನ್ನೂ ಹೆಬ್ಬೆರಳಿನಿಂದ ಒತ್ತಿದೆ. ಡಿಕ್ಕಿಯ ಸ್ಟೆಪ್ನಿಯನ್ನೂ ಒತ್ತಿದೆ: ಗಾಳಿ ಇತ್ತು, ಪಟ್ಟಿ ಸವೆದು ಬೋಳಾಗಿತ್ತು. ಡ್ರೈವರ್ ಸೀಟಿನ ಕೆಳಗೆ ಜಾಕು ಸ್ಪ್ಯಾನರಿನ ಗೋಣಿಚೀಲ ಉಬ್ಬಿಕೊಂಡು ಇತ್ತು. ಇದೆ ಎಂದು ಗುರುತು ಹಾಕಿಕೊಂಡೆ. ವೈಪರ್ ಗುಂಡಿ ಒತ್ತಿದೆ, ಒಣ ಗಾಜಿನ ಮೇಲೆ ಎರಡು ಸಲ ಆಡಿತು. ನಿಲ್ಲಿಸಿದೆ. ನನ್ನ ಲೆಕ್ಕದಲ್ಲಿ ಎಲ್ಲ ಸರಿಯಿತ್ತು.

ಹಿಂದಿನ ಸೀಟು ತೆಗೆಸಿ ಕೂರಿಸಿದ್ದ ಕಬ್ಬಿಣದ ಸ್ಟ್ಯಾಂಡಿನಲ್ಲಿ ಇಪ್ಪತ್ತನಾಲ್ಕು ಟ್ರೇ, ಡಿಕ್ಕಿಯಲ್ಲಿ ಸ್ಟೆಪ್ನಿಯ ಮೇಲೆ ಎಂಟು. ಜ್ವರದ ಹುಳುವಿಗೆ ಹಾಸಿಗೆ ಒಣಗಿರಲೆಂದು ಉದುರಿಸುವ ಸುಣ್ಣದ ಪುಡಿಯ ಡಬ್ಬಿಯನ್ನು ಕೊನೆಯಲ್ಲಿ ಇಟ್ಟುಕೊಂಡೆ. ಮೂರು ಗಂಟೆಗೆ ಹೊರಟೆವು.

ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರದವರೆಗೆ ಮೂವತ್ತೈದರ ಮೇಲೆ ಹೋಗಲಿಲ್ಲ. ದಾರಿಯಲ್ಲಿ ಕಂಡ ಲಾರಿ, ಟ್ರ್ಯಾಕ್ಟರುಗಳೆಲ್ಲ ಹಾರ ಹಾಕಿಕೊಂಡು ರಸ್ತೆ ಬದಿ ನಿಂತಿದ್ದವು. ಓಡುತ್ತಿದ್ದದ್ದು ಹೆಚ್ಚುಕಡಿಮೆ ನಾವೇ. ಚಿಕ್ಕಬಳ್ಳಾಪುರ ಬಿಟ್ಟು ಗೌರಿಬಿದನೂರು ರಸ್ತೆಗೆ ತಿರುಗಿ ಐದಾರು ಕಿಲೋಮೀಟರು ಆಗಿತ್ತು, ಸ್ಕಂದಗಿರಿಯ ಕಡೆಯಿಂದ ಮೋಡ ಇಳಿದು ಮಳೆ ಹಿಡಿಯಿತು.

ವೈಪರ್ ಹಾಕಿದೆ. ಮೊದಲ ಬೀಸಿಗೇ ಗಾಜು ಮಾಯವಾಯಿತು. ಹಾಲಿನ ಕೆನೆಯಂಥ ಪೊರೆ, ಅದರೊಳಗೆ ಒರೆಸಿ ಉಳಿದಿದ್ದ ಕುಂಕುಮದ ಕೆಂಪು, ಅರ್ಧ ಚಂದ್ರಾಕಾರವಾಗಿ ಹರಡಿತು. ವೈಪರ್ ಆಡಿದಷ್ಟೂ ದಪ್ಪವಾಗುತ್ತಿತ್ತು. ಎದುರಿನಿಂದ ಒಂದು ಬಸ್ಸು ಲೈಟು ಹಾಕಿಕೊಂಡು ಬಂತು. ಗಾಜಿನ ತುಂಬ ಬೆಳಕೇ ಆಯಿತು, ರಸ್ತೆ ಕಾಣಲಿಲ್ಲ. ಎಡಕ್ಕೆ ಎಳೆದು ಬ್ರೇಕ್ ಹಾಕಿದೆ. ಬಸ್ಸು ಹೋದ ಮೇಲೆ ಅಜ್ಜಿ ತಮ್ಮ ಸೆರಗಿನ ತುದಿ ಬಿಟ್ಟರು.

"ಬೆಳಗಾಗ್ಲೇ ಡ್ರೈವರು ಕೊಬ್ರಿ ಎಣ್ಣೆ ಕೇಳಿದ್ದ. ಟೈರಿಗೆ ಹಚ್ಬೇಕು, ಹೊಸ್ದರಂಗೆ ಕಾಣ್ತದೆ ಅಂತ. ಈ ಕಡ್ಡಿಗೂ ಹಚ್ಚಿದ್ನೇನೋ."

ಹಚ್ಚಿದ್ದರು. ಕಪ್ಪು ರಬ್ಬರು ಕಂಡಲ್ಲೆಲ್ಲ ಎಣ್ಣೆ ಸವರಿದ್ದರು, ವೈಪರಿನ ಅಂಚಿಗೂ. ಕಿಟಕಿಯಿಂದ ತಲೆ ಹೊರಗೆ ಹಾಕಿ, ನಡೆಯುವ ವೇಗದಲ್ಲಿ ಮುಂದೆ ಹೋದೆ. ಮಂಚೇನಹಳ್ಳಿ ಇನ್ನೂ ದೂರವಿತ್ತು. ಒಂದು ಕ್ರಾಸಿನಲ್ಲಿ ಪಂಕ್ಚರ್ ಅಂಗಡಿ ಕಂಡಿತು, ಮುಂದೆ ತಗಡಿನ ಚಪ್ಪರ. ಚಪ್ಪರದ ಕೆಳಗೆ ಕಾರು ನುಗ್ಗಿಸಿದೆ. ಸಮಯ ನಾಲ್ಕು ಮುಕ್ಕಾಲು.

ಅಂಗಡಿಯ ಒಳಗೆ ಕಂಪ್ರೆಸರಿಗೆ ಹಾರ, ಅದರ ಮುಂದೆ ಬಾಳೆ ಎಲೆಯ ಮೇಲೆ ಜಾಕುಗಳು, ಸ್ಪ್ಯಾನರುಗಳು, ಟೈರ್ ಬಿಚ್ಚುವ ಸಲಾಕಿಗಳು, ಸಾಲಾಗಿ ಕುಂಕುಮ ಇಟ್ಟುಕೊಂಡು ಮಲಗಿದ್ದವು. ಅಂಗಡಿಯವರು ಹೊಸ ಲುಂಗಿ ಉಟ್ಟು ಬೆಂಚಿನ ಮೇಲೆ ಬೀಡಿ ಸೇದುತ್ತ ಕೂತಿದ್ದರು. ನಲವತ್ತರ ವಯಸ್ಸು.

"ಇವತ್ತು ಕೆಲ್ಸ ಇಲ್ಲ ಮೇಡಂ. ಸಾಮಾನೆಲ್ಲ ಪೂಜೆಗೆ ಕೂತವೆ."

"ಕೆಲ್ಸ ಬೇಡ. ಗಾಜು ಒರೆಸ್ಕೊಂಡು ಹೋಗ್ತೀನಿ."

ಅವರು ಎದ್ದು ಬಂದು ಗಾಜಿಗೆ ಬೆರಳು ತಾಗಿಸಿ, ಮೂಸಿ ನೋಡಿದರು. "ಕೊಬ್ರಿ ಎಣ್ಣೆ. ಒಳ್ಳೆ ಅಭ್ಯಂಜನ ಮಾಡ್ಸಿದೀರ. ಇರಿ, ಇದಕ್ಕೆ ಸಾಮಾನೇನ್ ಬೇಡ." ಜೇಬಿನಿಂದ ಇನ್ನೊಂದು ಬೀಡಿ ತೆಗೆದು, ಎಲೆ ಸೀಳಿ, ಹೊಗೆಸೊಪ್ಪನ್ನು ಅಂಗೈಗೆ ಉದುರಿಸಿಕೊಂಡು ನೀರು ಚಿಮುಕಿಸಿದರು. "ಇದನ್ನ ಉಜ್ಜಿದ್ರೆ ನೀರು ನಿಲ್ಲಲ್ಲ ಗಾಜಿನ ಮೇಲೆ. ವೈಪರೇ ಬೇಡ."

ಆ ಉಪಾಯ ನನಗೂ ಗೊತ್ತಿತ್ತು. ಮಳೆಗಾಲದಲ್ಲಿ ಡ್ರೈವರುಗಳೆಲ್ಲ ಮಾಡುತ್ತಾರೆ, ಕೆಲಸವೂ ಮಾಡುತ್ತದೆ. ಅವರ ಕೈ ಗಾಜಿನಿಂದ ಒಂದು ಗೇಣು ದೂರದಲ್ಲಿತ್ತು. ನಾನು ಅವರ ಮಣಿಕಟ್ಟು ಹಿಡಿದೆ. ಗುರುತಿಲ್ಲದ ಗಂಡಸಿನ ಕೈ ಹಾಗೆ ಹಿಡಿದದ್ದು ಅದೇ ಮೊದಲು.

"ಬೇಡ."

ಅವರು ಕೈ ಕೊಸರಿಕೊಂಡರು. "ಸಹಾಯ ಮಾಡಕ್ ಬಂದ್ರೆ ಹಿಂಗಾ? ಏನಮ್ಮ, ನನ್ ಕೈಗೇನ್ ಮೈಲಿಗೆನಾ?"

ಯಾವಾಗಲೂ ಹಾಗೆ, ಬೇಕಾದ ಹೊತ್ತಿಗೆ ನನಗೆ ಮಾತು ಬರುವುದಿಲ್ಲ. ಅಜ್ಜಿ ಕಿಟಕಿಯಿಂದ ಕೂಗಿದರು: "ಲೋ ನಾಯ್ನಾ, ಹಿಂದೆ ಹುಳ ಐತೆ ಕಣೋ."

ಅವರು ಅಲ್ಲೇ ನಿಂತರು. "ಹುಳಾನಾ? ಮೊದ್ಲೇ ಹೇಳ್ಬಾರ್ದಾ." ಅಂಗೈಯದನ್ನು ದೂರ ಮಳೆಗೆ ಎಸೆದರು. ಬಾಯಲ್ಲಿದ್ದ ಬೀಡಿಯನ್ನು ತೆಗೆದು ತುಳಿದರು. ಹಿಂದಿನ ತೊಟ್ಟಿಗೆ ಹೋಗಿ ಸೋಪು ಹಾಕಿ ಮೊಣಕೈವರೆಗೆ ತೊಳೆದು, ಬಾಯಿ ಮುಕ್ಕಳಿಸಿ ಬಂದು, ಕಾರಿನಿಂದ ನಾಲ್ಕು ಮಾರು ದೂರ ನಿಂತರು. ಹೊಗೆಸೊಪ್ಪಿನ ಗಾಳಿ ಬಿದ್ದರೂ ರೇಷ್ಮೆ ಹುಳು ಬಾಯಲ್ಲಿ ನೀರು ಕಕ್ಕಿ ಸಾಯುತ್ತದೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ.

"ನಮ್ಮಮ್ಮನೂ ಸಾಕ್ತಿದ್ಲು," ಅಂದರು. "ನಮ್ಮಪ್ಪ ಬೀಡಿ ಸೇದಿದ್ರೆ ಆವತ್ತು ಮನೆ ಒಳಗೆ ಬರಂಗಿಲ್ಲ. ಜಗಲಿ ಮೇಲೇ ಊಟ."

ಎಣ್ಣೆಗೆ ನಾನು ಸುಣ್ಣದ ಪುಡಿ ಬಳಸಿದೆ. ನೆನೆಸಿದ ಹಳೆಯ ಪೇಪರಿಗೆ ಅದನ್ನು ಅದ್ದಿ ಗಾಜನ್ನು ಮೇಲಿನಿಂದ ಕೆಳಕ್ಕೆ ಉಜ್ಜಿದೆ. ಪೊರೆ ಮೊಸರಿನಂತಾಗಿ ಪೇಪರಿಗೆ ಅಂಟಿ ಬಂತು. ಎರಡು ಸಲ ಉಜ್ಜಿ ಮೂರು ಸಲ ನೀರು ಸುರಿದೆ. ವೈಪರಿನ ತೋಳನ್ನು ಗಾಜಿನಿಂದ ಎತ್ತಿ, ರಬ್ಬರನ್ನು ಎರಡು ಬೆರಳ ನಡುವೆ ಹಿಡಿದು ಬುಡದಿಂದ ತುದಿಯವರೆಗೆ ಒರೆಸಿದೆ, ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ. ಕೈ ಉರಿಯುತ್ತಿತ್ತು. ಗುಂಡಿ ಒತ್ತಿದಾಗ ವೈಪರ್ ಕೀರಲು ದನಿ ಮಾಡಿ, ಆಮೇಲೆ ಸುಮ್ಮನೆ ಓಡಾಡಿತು. ಗಾಜಿನಾಚೆ ರಸ್ತೆ ಕಾಣಿಸಿತು. ಸಮಯ ಐದೂಕಾಲು.

ಹೊರಡೋಣ ಎಂದು ಬಾಗಿಲಿಗೆ ಕೈ ಹಾಕಿದೆ.

"ಗಾಜೇನೋ ಆಯ್ತು ಮೇಡಂ. ಹಿಂದ್ಗಡೆ ವೀಲ್ ನೋಡಿದ್ರಾ?"

ಎಡ ಹಿಂಬದಿಯ ಟೈರು ನೆಲಕ್ಕೆ ಕೂತಿತ್ತು. ಎತ್ತಿನ ಲಾಳದ ಮೊಳೆ ಚುಚ್ಚಿಕೊಂಡಿತ್ತು. ಚಪ್ಪರದ ಮಣ್ಣಿನಲ್ಲಿ ಅದರ ಅಚ್ಚು ಅಗಲವಾಗಿ ಬಿದ್ದಿತ್ತು.

ನನಗೆ ಅಷ್ಟೇನೂ ಗಾಬರಿಯಾಗಲಿಲ್ಲ. ಚಕ್ರ ಬದಲಿಸುವುದನ್ನು ಕಾರಿನ ಪುಸ್ತಕದಲ್ಲಿ ಚಿತ್ರ ಸಮೇತ ಓದಿದ್ದೆ. ಸೀಟಿನ ಕೆಳಗಿನ ಗೋಣಿಚೀಲ ಎಳೆದು ಬಾಯಿ ಬಿಚ್ಚಿದೆ. ಒಳಗೆ ಕಾರು ತೊಳೆದ ಹಳೆಯ ಬಟ್ಟೆಗಳಿದ್ದವು. ಬೇರೇನೂ ಇರಲಿಲ್ಲ.

ಜಾಕು, ಸ್ಪ್ಯಾನರು ಎರಡೂ ನಮ್ಮ ಆಫೀಸಿನಲ್ಲಿ, ಬೀಗ ಹಾಕಿದ ಬಾಗಿಲ ಹಿಂದೆ, ನನ್ನ ಥರ್ಮಾಮೀಟರಿನ ಪಕ್ಕ ಇದ್ದವು. ಬೆಳಿಗ್ಗೆ ನಾನೇ ಅವಕ್ಕೂ ಮಂಗಳಾರತಿ ನೋಡಿದ್ದೆ.

"ನಿಮ್ಮ ಜಾಕ್ ಕೊಡಿ," ಅಂದೆ.

"ಪೂಜೆಗೆ ಕೂತಿರೋದ್ನ ಎಬ್ಬಿಸಲ್ಲ ಮೇಡಂ. ಹೋದ್ ವರ್ಷ ಒಬ್ರು ಪೊಲೀಸ್ನೋರು ಬಂದಿದ್ರು, ಅವರಿಗೂ ಎಬ್ಬಿಸ್ಲಿಲ್ಲ."

ನಾನು ಹಿಂಬಾಗಿಲು ತೆರೆದು ಮೇಲಿನ ಟ್ರೇ ನೋಡಿದೆ. ಹತ್ತಕ್ಕೆ ಮೂರು ಎದ್ದಿದ್ದವು. ಎದ್ದವು ಖಾಲಿ ಹಾಸಿಗೆಯ ಮೇಲೆ ತಲೆಯಾಡಿಸುತ್ತ ಸೊಪ್ಪು ಹುಡುಕುತ್ತಿದ್ದವು. ಅವರಿಗೆ ಕಾಣಲೆಂದು ಟ್ರೇಯನ್ನು ಸ್ವಲ್ಪ ಓರೆ ಮಾಡಿದೆ. ಅವರು ದೂರದಿಂದಲೇ ಕತ್ತು ಚಾಚಿ ನೋಡಿ, ತಲೆ ಕೆರೆದುಕೊಂಡರು.

"ಒಂದೈತೆ," ಅಂದರು. "ಕೆಟ್ಟಿರೋದು. ಅದನ್ನ ಪೂಜೆಗೆ ಕೂರಿಸ್ಲಿಲ್ಲ. ಗುಜರಿಗೆ ಅಂತ ಹಿಂದೆ ಬಿಸಾಕಿದೀನಿ. ಪಂಪ್ ಮಾಡಿದ್ರೆ ಏಳ್ತದೆ, ಆದ್ರೆ ನಿಲ್ಲಲ್ಲ. ವಾಷರ್ ಹೋಗಿ ಎಣ್ಣೆ ಸೋರ್ತದೆ, ಹಂಗೇ ಕೂತ್ಕೊಂಡ್ಬಿಡ್ತದೆ. ನೀವೇ ಮಾಡ್ಕೊಳಂಗಿದ್ರೆ ಮಾಡ್ಕೊಳಿ. ನಾನ್ ಇವತ್ತು ಕಬ್ಬಿಣ ಮುಟ್ಟಲ್ಲ, ಬಾಯಲ್ಲಿ ಹೇಳ್ತೀನಿ."

ಇನ್ನೊಂದು ದಾರಿಯೂ ಇತ್ತು. ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಹೋಗಿ ಯಾರನ್ನಾದರೂ ಕರೆತರುವುದು. ಹೋಗಿ ಬರುವುದರೊಳಗೆ ಏಳಾಗುತ್ತದೆ, ಅದೂ ಯಾರಾದರೂ ಬಂದರೆ. ನಿಲ್ಲದ ಜಾಕಿನ ಮೇಲಿರುವ ಗಾಡಿಯ ಕೆಳಗೆ ಕೈ ಹಾಕಬಾರದು ಎಂದು ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ನಾನು ಪುಸ್ತಕದ ಮಾತು ಮೀರುವವಳಲ್ಲ. ಆದರೂ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಜಾಕು ತರಲು ಹಿಂದೆ ಹೋದೆ.

ಅದು ತುಕ್ಕು ಹಿಡಿದ ಕುಳ್ಳ ಎಣ್ಣೆ ಜಾಕು. ಅದರ ಜೊತೆ ಹಿಡಿ ಮುರಿದ ಒಂದು ವೀಲ್ ಸ್ಪ್ಯಾನರೂ ಸಿಕ್ಕಿತು. ಹಿಡಿಯ ಜಾಗಕ್ಕೆ ಕಬ್ಬಿಣದ ಪೈಪೊಂದನ್ನು ತೂರಿಸಿಕೊಂಡೆ. ಸ್ಟೆಪ್ನಿ ತೆಗೆಯಲು ಡಿಕ್ಕಿಯ ಎಂಟು ಟ್ರೇ ಎತ್ತಬೇಕಿತ್ತು. ಅಂಗಡಿಯೊಳಗೆ ಇಡುವಂತಿಲ್ಲ, ಊದುಬತ್ತಿ, ಕರ್ಪೂರ, ರಬ್ಬರು ಅಂಟಿಸುವ ಸಲ್ಯೂಷನ್ನಿನ ವಾಸನೆ. ಅಜ್ಜಿಯನ್ನು ಕಾರಿನಿಂದ ಇಳಿಸಿ ಮುಂದಿನ ಎರಡು ಸೀಟಿನ ಮೇಲೆ ಅವನ್ನು ಪೇರಿಸಿದೆ.

ಹ್ಯಾಂಡ್ ಬ್ರೇಕ್ ಎಳೆದು ಗಾಡಿಯನ್ನು ಮೊದಲ ಗೇರಿನಲ್ಲಿ ಬಿಟ್ಟೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ. ಗಾಡಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಮೂರು ಸಡಿಲವಾದವು. ನಾಲ್ಕನೆಯದು ಜಪ್ಪಯ್ಯ ಅನ್ನಲಿಲ್ಲ.

"ಕೈಯಲ್ಲಾಗಲ್ಲ. ಪೈಪ್ ಮೇಲೆ ನಿಂತ್ಕೊಳಿ," ಅಂದರು ಬೆಂಚಿನ ಮೇಲಿನಿಂದ. "ಹೆದರ್ಬೇಡಿ, ನಿಮ್ ಭಾರಕ್ಕೆ ಅದೇನ್ ಮುರಿಯಲ್ಲ."

"ತಿನ್ನೋದು ಒಂದ್ ಮುದ್ದೆ ಕಣಪ್ಪ ಇವಳು," ಅಂದರು ಅಜ್ಜಿ. ಚಪ್ಪರದ ಕಂಬ ಹಿಡಿದು ಪೈಪಿನ ಮೇಲೆ ಹತ್ತಿ ಒಂದು ಸಲ ಕುಪ್ಪಳಿಸಿದೆ. ನಟ್ಟು ಕಿರ್ರೆಂದು ತಿರುಗಿತು.

ಜಾಕನ್ನು ಹಿಂದಿನ ಆಕ್ಸಲಿನ ಕೆಳಗಿಟ್ಟು ಪಂಪ್ ಮಾಡಿದೆ. ಗಾಡಿ ಎದ್ದಿತು. ಕೈ ನಿಲ್ಲಿಸಿದೊಡನೆ ಜಾಕು ನಿಟ್ಟುಸಿರು ಬಿಟ್ಟಂತೆ ಇಳಿಯತೊಡಗಿತು. "ನಿಲ್ಲಿಸ್ಬೇಡಿ, ಮೊದ್ಲು ಸ್ಟೆಪ್ನಿ ಗಾಡಿ ಕೆಳಗೆ ತೂರ್ಸಿ. ಬಿದ್ರೆ ಅದ್ರ ಮೇಲೆ ಬೀಳ್ಲಿ, ನಿಮ್ ಮೇಲ್ ಬೇಡ." ಹಾಗೇ ಮಾಡಿದೆ. ಹತ್ತು ಸಲ ಪಂಪು, ಒಂದು ನಟ್ಟು. ಮತ್ತೆ ಹತ್ತು ಪಂಪು, ಇನ್ನೊಂದು ನಟ್ಟು. ನಾಲ್ಕೂ ಬಂದವು. ಚಕ್ರವನ್ನು ಎರಡು ಕೈಯಲ್ಲಿ ಹಿಡಿದು ಎಳೆದೆ. ಅದು ಹೊರಬಂದ ರಭಸಕ್ಕೆ ನಾನು ಹಿಂದಕ್ಕೆ ಕೂತೆ, ಜಾಕು ಪಕ್ಕಕ್ಕೆ ವಾಲಿತು, ಗಾಡಿ ಸ್ಟೆಪ್ನಿಯ ಮೇಲೆ ಧೊಪ್ಪನೆ ಬಿದ್ದಿತು.

ಒಳಗೆ ಪ್ಲಾಸ್ಟಿಕ್ ಟ್ರೇ ಜಾರಿದ ಸದ್ದು. ನೋಡಿದೆ. ಸ್ಟ್ಯಾಂಡಿನ ಮೇಲಿನ ಸಾಲಿನ ಒಂದು ಟ್ರೇ ಹೊರಜಾರಿ ಕೆಳಗಿನದರ ಮೇಲೆ ಬೋರಲಾಗಿತ್ತು. ಮಿಕ್ಕವು ಕೂತಲ್ಲೇ ಇದ್ದವು. ನನ್ನ ಕೈ ಎಣ್ಣೆ, ಮಸಿ, ಮುಟ್ಟುವಂತಿರಲಿಲ್ಲ. ಅಜ್ಜಿ ಬಂದು, ಏನೂ ಮಾತಾಡದೆ, ಬೋರಲಾದದ್ದನ್ನು ಎತ್ತಿ ಹುಳುಗಳನ್ನು ಬೆರಳ ತುದಿಯಲ್ಲಿ ಹರಡಿದರು.

ಮತ್ತೆ ಪಂಪ್ ಮಾಡಿದೆ. ಈಗ ಸ್ಟೆಪ್ನಿಯನ್ನು ಕೆಳಗಿನಿಂದ ತೆಗೆದು ಅದರ ಜಾಗಕ್ಕೆ ಬಿಚ್ಚಿದ ಚಕ್ರ ತೂರಿಸಿ, ಸ್ಟೆಪ್ನಿಯನ್ನು ಎತ್ತಿ ಬೋಲ್ಟುಗಳಿಗೆ ಕೂರಿಸಬೇಕು. ಅ‌ಷ್ಟರಲ್ಲಿ ಜಾಕು ಇಳಿಯಬಾರದು. ಎರಡು ಸಲ ಪ್ರಯತ್ನಿಸಿದೆ. ಎರಡು ಸಲವೂ ತೂತು ಬೋಲ್ಟಿನ ನೇರಕ್ಕೆ ಬರುವ ಮುಂಚೆ ಗಾಡಿ ಇಳಿದುಬಿಟ್ಟಿತು. ಅಂಗಡಿಯವರು ಬೆಂಚಿನಿಂದ ಎದ್ದು, ಕೂತು, ಮತ್ತೆ ಎದ್ದರು.

"ಗಾಡಿ ನಂದಲ್ವಲ್ಲ," ಅಂದರು, ತಮಗೆ ತಾವೇ. "ಇದು ನನ್ ಆಯುಧ ಅಲ್ಲ." ಹೊಸ ಲುಂಗಿ ಎತ್ತಿ ಕಟ್ಟಿ, ಹಿಂದಿನ ಬಂಪರಿಗೆ ಬೆನ್ನು ಕೊಟ್ಟು, ಎರಡು ಕೈಯಲ್ಲಿ ಅದರ ಕೆಳಗೆ ಹಿಡಿದು ಎತ್ತಿ ನಿಂತರು. ಅವರ ಕತ್ತಿನ ನರ ಉಬ್ಬಿತು. "ಬೇಗ."

ಮೂರನೆಯ ಸಲ ಕೂತಿತು. ಎದುರುಬದುರು ನಟ್ಟುಗಳನ್ನು ಕೈಯಲ್ಲಿ ತಿರುಗಿಸಿ, ಗಾಡಿ ನೆಲಕ್ಕಿಳಿದ ಮೇಲೆ ಅದೇ ಕ್ರಮದಲ್ಲಿ ಬಿಗಿದು, ಪೈಪಿನ ಮೇಲೆ ಮತ್ತೆ ನಿಂತೆ. ತೂತಾದ ಚಕ್ರ ಡಿಕ್ಕಿಗೆ ಹೋಯಿತು, ಅದರ ಮೇಲೆ ಅಜ್ಜಿ ಮುಂದಿನ ಸೀಟಿನ ಎಂಟು ಟ್ರೇಗಳನ್ನು ಇಟ್ಟರು. ಆರು ಗಂಟೆ ಐದು ನಿಮಿಷ. ಮಳೆ ತುಂತುರಿಗೆ ಇಳಿದಿತ್ತು, ಬೆಳಕು ಹೋಗುತ್ತಿತ್ತು.

"ಬೋಳು ಟೈರು, ಒದ್ದೆ ರೋಡು. ತಿರುವಲ್ಲಿ ಬ್ರೇಕ್ ಮುಟ್ಬೇಡಿ, ಮೊದ್ಲೇ ನಿಧಾನ ಮಾಡ್ಕೊಳಿ," ಅಂದರು. ಕೃತಜ್ಞತೆ ಹೇಳಲು ಹೊರಟೆ. ಅವರು ಕೈಯಾಡಿಸಿದರು. "ಹೋಗಿ ಹೋಗಿ, ನಾನ್ ಬೀಡಿ ಸೇದ್ಬೇಕು."

ಹೆಡ್‌ಲೈಟು ಹಾಕಿಕೊಂಡು ಹೊರಟೆ. ಅಜ್ಜಿ ಸ್ವಲ್ಪ ದೂರ ಸುಮ್ಮನಿದ್ದು, ಆಮೇಲೆ ಅಂದರು: "ಆ ಎರಡು ಟ್ರೇದು ಅವಳಿಗೆ ಹೇಳ್ಬೇಡ. ಕತ್ಲಲ್ಲಿ ಕಾಣಲ್ಲ. ನಿನ್ ಲೆಕ್ಕ ತಪ್ಪಿದ್ದೂ ಹೇಳ್ಬೇಡ. ಚಳಿ, ಬಿಸಿಲು, ಏನೋ ಒಂದು ಅಂದ್ರೆ ಮುಗೀತು." ಮುಂದೆ ತಿರುವಿತ್ತು, ನಿಧಾನ ಮಾಡಬೇಕಿತ್ತು.

ಏಳಕ್ಕೆ ಹತ್ತು ನಿಮಿಷವಿರುವಾಗ ತಲುಪಿದೆವು. ಬೆಳೆಗಾರ್ತಿ ಹುಳು ಮನೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಒದ್ದೆ ಗೋಣಿ ಮುಚ್ಚಿದ ಸೊಪ್ಪಿನ ರಾಶಿ ಕಾಣುತ್ತಿತ್ತು. ಅವರ ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು. ಕುಡುಗೋಲು ಪೂಜೆಗೆ ಕೂತಿತ್ತಂತೆ; ಅಷ್ಟು ಸೊಪ್ಪನ್ನೂ ಕೈಯಲ್ಲೇ ಬಿಡಿಸಿದ್ದರು.

ನಾನು ಟ್ರೇ ಎತ್ತಲು ಹೋದೆ. ಅವರು ಅಡ್ಡ ಬಂದರು. "ನಿಮ್ ಮೈಮೇಲೆ ಬೀಡಿ ವಾಸ್ನೆ ಐತೆ ಮೇಡಂ."

ಅಂಗಡಿಯವರ ಜಾಕು, ಪೈಪುಗಳಿಂದ ನನ್ನ ತೋಳಿಗೆ ಅಂಟಿದ ವಾಸನೆ. ಅವರ ಬಾಗಿಲಿಗೆ ಅಂಟಿಸಿದ್ದ ನಿಯಮಗಳ ಹಾಳೆ ನಾನೇ ಕೊಟ್ಟದ್ದು. ಮೂರನೇ ಸಾಲು ಹೊಗೆಸೊಪ್ಪಿನದು. ನಾನು ಹಿಂದೆ ಸರಿದೆ.

"ಅಕ್ಕ, ಒಳಗೆ ತಗೊಳೋಕೆ ಮುಂಚೆ ಒಂದು ಮಾತು. ಜ್ವರದ ಹೊತ್ತು ನಾನು ತಪ್ಪಾಗಿ ಎಣಿಸ್ದೆ. ಥರ್ಮಾಮೀಟರ್ ನೋಡ್ದೇ ಎಣಿಸ್ದೆ. ದಾರೀಲಿ ಗಾಡಿ ಬಿದ್ದು ಎರಡು ಟ್ರೇ ಒಂದರ ಮೇಲೊಂದು ಬಿದ್ವು, ಅವಕ್ಕೆ ನಾನು ಗ್ಯಾರಂಟಿ ಕೊಡಲ್ಲ. ಹಿಂದಿನ ಸಲದ್ದೂ ನಿಮ್ಮ ಸೊಪ್ಪಿನ ತಪ್ಪಲ್ಲ. ನಾವು ತಡವಾಗಿ ತಂದ್ವಿ."

ಅಜ್ಜಿ ಬೇರೆ ಕಡೆ ನೋಡಿದರು. ಬೆಳೆಗಾರ್ತಿ ನನ್ನನ್ನೇ ನೋಡಿದರು. "ಯಾವೆರಡು?" ಅಂದರು ಕೊನೆಗೆ. ಅಜ್ಜಿ ತೋರಿಸಿದರು. ಅವನ್ನು ಬೇರೆ ಇಟ್ಟು, ಇಬ್ಬರೂ ಸೇರಿ ಮಿಕ್ಕ ಮೂವತ್ತನ್ನು ಒಳಗೆ ಸಾಗಿಸಿದರು. ನಾನು ಬಲೆ ಹಾಕಿದ ಕಿಟಕಿಯ ಹೊರಗೆ, ಸೂರಿನ ನೀರು ಬೀಳದ ಜಾಗದಲ್ಲಿ ನಿಂತೆ. ಒಳಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

"ಎದ್ದಿದಾವಾ?"

"ಹತ್ತಕ್ಕೆ ಎಂಟು ಎದ್ದಾವೆ." ಸ್ವಲ್ಪ ಹೊತ್ತಿನ ಮೇಲೆ ಬೆಳೆಗಾರ್ತಿ ಕಿಟಕಿಗೆ ಬಂದರು. "ಹಾಕ್ಲಾ ಈಗ? ಕೆಲವು ಅಂಚಿಗೆ ಹತ್ತಿ ಅಲೀತಾವೆ. ಇಲ್ಲ ಕಾಯ್ಲಾ?"

ಲೆಕ್ಕ ತಪ್ಪಿದವಳನ್ನೇ ಕೇಳುತ್ತಿದ್ದರು. ಅಲೆಯುತ್ತಿದ್ದರೆ ಹಸಿವು ಹೆಚ್ಚಾಗಿದೆ. ಈಗ ಹಾಕಿದರೆ ಮಲಗಿರುವ ಎರಡು ಪಾಲು ಹಿಂದೆ ಬೀಳುತ್ತದೆ. "ಮಲಗಿರೋದು ಹೇಗಿವೆ ಅಕ್ಕ? ಮೂತಿ ಮುಂದೆ ಕಪ್ಪು ತ್ರಿಕೋನ ಕಾಣುತ್ತಾ?"

ಅವರು ದೀಪ ಹಿಡಿದು ಬಗ್ಗಿದರು. "ಕಾಣ್ತದೆ. ಮೈ ಎಣ್ಣೆ ಹಚ್ಚಿದಂಗೆ ಹೊಳೀತೈತೆ."

"ಹಾಗಾದ್ರೆ ಚರ್ಮ ಕಳಚೋ ಹೊತ್ತು ಬಂದಿದೆ, ಇನ್ನ ಮುಕ್ಕಾಲು ಗಂಟೆ. ಕಾಯಿರಿ."

ಕಾದರು. ನನಗೆ ಯಾರೂ ಕುರ್ಚಿ ಕೊಡಲಿಲ್ಲ, ನಾನೂ ಕೇಳಲಿಲ್ಲ. ಎಂಟಕ್ಕೆ ಹತ್ತು ನಿಮಿಷವಿರುವಾಗ ಗೋಣಿ ಎಳೆದ ಸದ್ದಾಯಿತು. ಸೊಪ್ಪು ಉದುರಿಸುವ ಸದ್ದು ಒಂದು ಟ್ರೇಯಿಂದ ಇನ್ನೊಂದಕ್ಕೆ ಹೋಯಿತು. ಆಮೇಲೆ ಏನೂ ಕೇಳಲಿಲ್ಲ. ನಾನು ಬಲೆಗೆ ಹಣೆ ಒತ್ತಿಕೊಂಡಿದ್ದೆ.

"ಹತ್ತಿದ್ವು," ಅಂದರು ಅವರು ಒಳಗಿನಿಂದ. "ಸೊಪ್ಪು ಹತ್ತಿದ್ವು ಕಣಮ್ಮ. ಒಟ್ಟಿಗೇ."

"ಆ ಎರಡು ಟ್ರೇ?"

ಅವರು ದೀಪವನ್ನು ಮೂಲೆಗೆ ತೆಗೆದುಕೊಂಡು ಹೋಗಿ ಬಹಳ ಹೊತ್ತು ನೋಡಿದರು.

"ಅವಿನ್ನೂ ಏಳ್ಲಿಲ್ಲ. ಆಚೆ ಬಚ್ಚಲಲ್ಲಿ ಬಿಸಿನೀರೈತೆ, ಸೋಪ್ ಹಚ್ಚಿ ತೊಳ್ಕೊಂಡು, ಹಗ್ಗದ ಮೇಲಿರೋ ನನ್ ಸೀರೆ ಉಟ್ಕೊಂಡ್ ಬಾ. ಕೂತ್ಕೊಂಡು ನೋಡಣ."